ಗಂಡನ ಎಡೆಗೆ ಇಟ್ಟ ಲೋಟ

ಸಂಜೆ ಆರು ಗಂಟೆ ಎಂದರೆ ನನಗೆ ಆಗುವುದಿಲ್ಲ. ಬೆಳಗ್ಗೆ ಪರವಾಗಿಲ್ಲ, ಮಧ್ಯಾಹ್ನ ಕೆಲಸವಿರುತ್ತದೆ, ರಾತ್ರಿ ಮೈ ಸೋತು ಬಿದ್ದುಕೊಳ್ಳುತ್ತದೆ. ಆರರಿಂದ ಏಳೂವರೆಯವರೆಗೆ ಮಾತ್ರ ನಾಲಿಗೆ ಒಣಗುತ್ತದೆ, ಕೈ ಸುಮ್ಮನೆ ಸೆರಗು ಹಿಂಡುತ್ತಿರುತ್ತದೆ. ಕುಡಿದು ಬಿಟ್ಟವರಿಗೆ ಇದು ಗೊತ್ತು. ಕುಡಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಕುಡಿಯುತ್ತಿರುವವರಿಗೆ ಹೇಳಿದರೆ ನಗುತ್ತಾರೆ.

ನಾನು ಕುಡಿಯುತ್ತಿದ್ದೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಅಳುವಂಥದ್ದೂ ಇಲ್ಲ. ನಮ್ಮ ಕಾಲದಲ್ಲಿ ಎಸ್ಟೇಟ್ ಲೈನಿನೊಳಗೆ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಮಳೆಗಾಲದಲ್ಲಿ ಕುಡಿಯದ ಹೆಂಗಸರನ್ನು ಹುಡುಕಬೇಕಿತ್ತು. ಬೆಳಗ್ಗೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಕಾಫಿ ಗಿಡದ ಬುಡ ಬಿಡಿಸಿ ಬಂದವಳಿಗೆ ಗಂಡ ಒಂದು ಲೋಟ ಕೊಟ್ಟರೆ ಅದೇ ಪ್ರೀತಿ. ನನ್ನ ಗಂಡ ಬೇರೆ ಯಾವ ಪ್ರೀತಿಯನ್ನೂ ತೋರಿಸಿದವನಲ್ಲ, ಇದೊಂದನ್ನು ದಿನಾ ತೋರಿಸಿದ. ಮೊದಲು ಸಾರಾಯಿ ಪ್ಯಾಕೆಟ್ಟು, ಅದು ನಿಂತ ಮೇಲೆ ಬ್ರಾಂದಿ. ಎರಡು ಲೋಟ ಇದ್ದವು, ಅವನದು ದೊಡ್ಡದು, ನನ್ನದು ಚಿಕ್ಕದು. ಕೊನೆಕೊನೆಗೆ ಎರಡೂ ಒಂದೇ ಅಳತೆಯವಾಗಿದ್ದವು.

ಬಿಟ್ಟದ್ದು ಹೇಗೆ ಎಂದು ಪ್ರಾರ್ಥನಾ ಮಂದಿರದಲ್ಲಿ ಸಾಕ್ಷಿ ಹೇಳು ಅನ್ನುತ್ತಾರೆ. ಬೇರೆಯವರು ಎದ್ದು ನಿಂತು ಬೆಳಕು ಕಂಡೆ, ಮೈ ನಡುಗಿತು, ಯಾರೋ ಹೆಸರು ಹಿಡಿದು ಕರೆದರು ಎಂದು ಹೇಳುತ್ತಾರೆ. ನನ್ನನ್ನು ಯಾರೂ ಕರೆಯಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ತಮಿಳಿನವಳು ಇದ್ದಳು, ಅವಳು ಯೇಸುವಿನವಳು. ಅವಳಿಗೆ ಆನೆಯ ಭಯ. ನಮ್ಮ ಲೈನಿನಿಂದ ದೋಣಿಗಲ್ಲಿನ ಹೈವೇವರೆಗೆ ತೋಟದೊಳಗೇ ನಡೆಯಬೇಕು. ಸಂಜೆ ಪ್ರಾರ್ಥನೆಗೆ ಒಬ್ಬಳೇ ಹೋಗಲು ಹೆದರಿ ನನ್ನನ್ನು ಕರೆದಳು. ನಾನು ಕತ್ತಿ ಹಿಡಿದು ಕಾವಲಿಗೆ ಹೋದೆ. ಆನೆಗೆ ಕತ್ತಿ ತೋರಿಸಿ ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ.

ಪಂಚರ್ ಅಂಗಡಿಯ ಹಿಂದೆ ತಗಡು ಹೊದಿಸಿದ ಹಾಲ್ ಇದೆ, ಅದೇ ಮಂದಿರ. ದಿನಾ ಸಂಜೆ ಆರಕ್ಕೆ ಕೂತರೆ ಏಳೂವರೆಗೆ ಏಳುತ್ತಾರೆ. ನಾನು ಕೊನೆಯ ಚಾಪೆಯಲ್ಲಿ ಕೂತು ಆಕಳಿಸುತ್ತಿದ್ದೆ. ವಾಪಸು ಲೈನಿಗೆ ಬರುವಷ್ಟರಲ್ಲಿ ನನ್ನ ಗಂಡ ನನ್ನ ಪಾಲನ್ನೂ ಕುಡಿದು ಮುಗಿಸಿ ಗೊರಕೆ ಹೊಡೆಯುತ್ತಿದ್ದ. ಮೊದಮೊದಲು ಅವನನ್ನು ಒದ್ದು ಎಬ್ಬಿಸಿ ಜಗಳ ಮಾಡಿದೆ. ಆಮೇಲೆ ಒಂದು ದಿನ ಗಮನಿಸಿದೆ, ಕುಡಿಯದೆ ಬೆಳಗಾಗಿದೆ, ನಾನು ಸತ್ತಿಲ್ಲ. ನನ್ನ ಸಾಕ್ಷಿ ಇಷ್ಟೇ. ಇದನ್ನು ಹೇಳಿದರೆ ಯಾರೂ ಸ್ತೋತ್ರ ಅನ್ನುವುದಿಲ್ಲ, ಅದಕ್ಕೇ ನಾನು ಏಳುವುದಿಲ್ಲ.

ಪ್ರಾರ್ಥನೆ ಮಾಡುವುದು ನನಗೆ ಬರುತ್ತಿರಲಿಲ್ಲ. ಪಾಸ್ಟರು ಇನ್ನೂ ಚಿಕ್ಕ ವಯಸ್ಸಿನವರು, ಹಾಸನದ ಕಡೆಯವರು. ತಂದೆಯ ಹತ್ತಿರ ಮಗು ಮಾತಾಡಿದ ಹಾಗೆ ಮಾತಾಡಿ ಎಂದರು.

"ನಮ್ಮಪ್ಪನತ್ರ ನಾನು ಮಾತೇ ಆಡ್ತಿರ್ಲಿಲ್ಲ. ಆಡಿದ್ರೆ ಹೊಡೀತಿದ್ದ," ಅಂದೆ.

"ಹಾಗಾದ್ರೆ ನೀವು ಲೈನಲ್ಲಿ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ ಅಮ್ಮ," ಅಂದರು.

ನಾನು ಲೈನಿನಲ್ಲಿ ಮಾತಾಡುವುದು ಎಂದರೆ ಬಯ್ಯುವುದು. ಹಾಗೇ ಶುರು ಮಾಡಿದೆ. ಯೇಸಪ್ಪ, ನಿನಗೆ ಕಣ್ಣು ಕಾಣುವುದಿಲ್ಲವಾ, ಮೊಣಕಾಲು ಹಿಡಿದಿದೆ, ಗಂಡ ಹೀಗೆ, ಒಲೆ ಹತ್ತುವುದಿಲ್ಲ, ನಾಲಿಗೆ ಒಣಗುತ್ತಿದೆ, ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೀಯ. ಅವನು ತಿರುಗಿ ಬಯ್ಯಲಿಲ್ಲ, ಹೊಡೆಯಲಿಲ್ಲ, ಮೊದಲು ಕುಡಿದು ಆಮೇಲೆ ಕೇಳುತ್ತೇನೆ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಗಂಡಸನ್ನು ನಾನು ನೋಡಿರಲಿಲ್ಲ. ಹೇಮಾವತಿಯಲ್ಲಿ ನನ್ನನ್ನು ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ನೀರು ತಣ್ಣಗಿತ್ತು, ಕಿವಿಗೆ ಹೋಯಿತು.

ಗಂಡ ಹೊಟ್ಟೆ ಊದಿ ಸತ್ತ. ಅವನನ್ನು ಅವರ ಪದ್ಧತಿಯಂತೆಯೇ ತೋಟದ ಅಂಚಿನಲ್ಲಿ ಹೂಳಿದರು, ನಾನು ಬೇಡ ಅನ್ನಲಿಲ್ಲ. ತಮಿಳಿನವಳು ಮಗಳ ಮನೆಗೆ ಹೋದಳು. ನಾನು ಒಬ್ಬಳೇ ಟಾರ್ಚ್ ಹಿಡಿದು ಮಂದಿರಕ್ಕೆ ಹೋಗುತ್ತಿದ್ದೆ, ಈಗಲೂ ಹೋಗುತ್ತೇನೆ.

ಮೊಣಕಾಲು ಹೋದ ಮೇಲೆ ಇಳಿಜಾರಿನಲ್ಲಿ ಹಣ್ಣು ಕುಯ್ಯಲು ಆಗದೆ ಹೋಂಸ್ಟೇ ಕೆಲಸಕ್ಕೆ ಸೇರಿದೆ. ಸಾಹುಕಾರರು ಹಳೆಯ ಸ್ಟೋರನ್ನು ಕೆಡವಿ ರೂಮು ಕಟ್ಟಿಸಿದ್ದಾರೆ. ಶನಿವಾರ ಭಾನುವಾರ ಪೇಟೆಯಿಂದ ಕಾರುಗಳು ಬರುತ್ತವೆ. ಬರುವವರು ಮಂಜು ನೋಡಲು ಬಂದೆವು ಅನ್ನುತ್ತಾರೆ, ಮಂಜು ಬೀಳುವ ಹೊತ್ತಿಗೆ ಅವರಿಗೆ ಕಣ್ಣೇ ತೆರೆಯುವುದಿಲ್ಲ. ಸೋಮವಾರ ನಾನು ಗುಡಿಸಿ ಒರೆಸಲು ಹೋದರೆ ಮಂಚದ ಕೆಳಗೆ, ಬಚ್ಚಲಲ್ಲಿ, ಹೂವಿನ ಕುಂಡದಲ್ಲಿ ಬಾಟಲಿ. ಅರ್ಧ ಇರುವವು, ಕಾಲು ಇರುವವು. ಉಳಿದದ್ದು ಕೆಲಸದವರಿಗೆ ಎಂಬುದು ಅಲ್ಲಿನ ರೂಢಿ. ನಾನು ಮೂಗು ಹಿಡಿದು ಎಲ್ಲವನ್ನೂ ಬಚ್ಚಲಿಗೆ ಸುರಿದು ನೀರು ಹಾಕುತ್ತೇನೆ.

ಇದರಿಂದ ನನ್ನ ಮೈದುನನಿಗೆ ಹೊಟ್ಟೆ ಉರಿ. ಅವನು ಅಲ್ಲೇ ಜೀಪು ಓಡಿಸುತ್ತಾನೆ, ನಮ್ಮ ಲೈನಿನಲ್ಲೇ ಕೊನೆಯ ಮನೆ.

"ಅತ್ತಿಗೆ, ನೀನು ಕುಡಿಯಲ್ಲ ಅಂದ್ರೆ ಸುಮ್ನಿರು. ಕುಡಿಯೋರ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ನಿನ್ನ ಹೊಟ್ಟೇನೂ ನಿಮ್ಮಣ್ಣನ ಹೊಟ್ಟೆ ತರ ಊದ್ಲಿ, ಆವಾಗ ಹೇಳ್ತೀನಿ."

"ಕಿರಿಸ್ತಾನಿ ಆದ್ಮೇಲೆ ನಿನ್ನ ಬಾಯಿ ಇನ್ನೂ ಕೆಡ್ತು ಕಣೆ."

"ಮೊದ್ಲು ಕುಡಿದು ಮಲಗ್ತಿದ್ದೆ, ನಿನಗೆ ಕೇಳಿಸ್ತಿರ್ಲಿಲ್ಲ."

ಹೋದ ವರ್ಷ ಹಿರಿಯರ ಹಬ್ಬಕ್ಕೆ ಅವನು ಹಟ ಹಿಡಿದ. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಸತ್ತವರ ಫೋಟೋ ಮುಂದೆ ಬಾಳೆ ಎಲೆ ಹಾಸಿ, ಅವರು ಬದುಕಿದ್ದಾಗ ಇಷ್ಟಪಟ್ಟಿದ್ದನ್ನೆಲ್ಲ ಬಡಿಸಬೇಕು. ಕಡುಬು, ಹಂದಿ ಸಾರು, ಬೀಡಿ ಕಟ್ಟು, ಹೊಸ ಪಂಚೆ. ಕುಡಿಯುತ್ತಿದ್ದವನಾದರೆ ಒಂದು ಲೋಟ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಒಳಗೆ ಅವರು ಬಂದು ಉಂಡು ಹೋಗುತ್ತಾರೆ. ಬಾಗಿಲು ತೆಗೆದ ಮೇಲೆ ಎಡೆಯನ್ನು ಮನೆಯವರೇ ತಿಂದು ಮುಗಿಸಬೇಕು. ಚೆಲ್ಲುವ ಹಾಗಿಲ್ಲ, ನಾಯಿಗೆ ಹಾಕುವ ಹಾಗಿಲ್ಲ. ಗಂಡನ ಲೋಟಕ್ಕೆ ಮೊದಲು ಬಾಯಿ ಇಡಬೇಕಾದವಳು ಹೆಂಡತಿ. ಅವಳು ಮುಟ್ಟದೆ ಆ ಬಾಟಲಿಯಲ್ಲಿ ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ.

ಅದರ ಹಿಂದಿನ ವರ್ಷ ಅವನ ಮನೆಯಲ್ಲೇ ಇಟ್ಟಿದ್ದರು, ನಾನು ಹೋಗಿರಲಿಲ್ಲ, ಲೋಟ ಮುಟ್ಟುವವರಿಲ್ಲದೆ ಬಾಟಲಿ ಹಾಗೇ ಉಳಿದಿತ್ತು. ಈ ಸಲ ಬಂದು ಬಾಗಿಲಲ್ಲಿ ನಿಂತ.

"ಅಣ್ಣ ಸತ್ತಿದ್ದು ಈ ಮನೇಲಿ. ಎಡೆ ಇಲ್ಲೇ ಆಗ್ಬೇಕು. ಲೈನಲ್ಲಿ ಎಲ್ರೂ ನಗ್ತಾವ್ರೆ, ನಿಮ್ಮಣ್ಣ ಹಸ್ಕೊಂಡು ಅಲೀತಾವ್ನೆ ಅಂತ."

"ಬದುಕಿದ್ದಾಗ ನಾನು ಹಸ್ಕೊಂಡು ಅಲೆದೆ. ಆವಾಗ ಯಾರೂ ನಗ್ಲಿಲ್ಲ."

ಆದರೂ ಒಪ್ಪಿದೆ. ಸತ್ತವನಿಗೆ ಒಂದು ಹೊತ್ತು ಅಡುಗೆ ಮಾಡಿಟ್ಟರೆ ಯೇಸಪ್ಪ ಬೇಜಾರು ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಲಿ ಎಂದುಕೊಂಡೆ. ಪಾಸ್ಟರಿಗೆ ಹೇಳಲಿಲ್ಲ. ಮೈದುನನಿಗೆ ಮಾತ್ರ ಹೇಳಿದೆ, ಬಾಟಲಿ ತರಬೇಡ.

ಶನಿವಾರ ಸಂಜೆ ಅವನೂ ಅವನ ಹೆಂಡತಿಯೂ ಬಂದರು. ಅವನ ಕಂಕುಳಲ್ಲಿ ಬಾಟಲಿ. ಹೋಂಸ್ಟೇಯಲ್ಲಿ ಯಾರೋ ಅರ್ಧ ಕುಡಿದು ಬಿಟ್ಟದ್ದು, ನನಗಿಂತ ಮುಂಚೆ ಹೋಗಿ ಎತ್ತಿಟ್ಟುಕೊಂಡಿದ್ದ. ನಾನು ಸಾರಿಗೆ ಖಾರ ಹಾಕುತ್ತಿದ್ದಾಗಲೇ ಗಂಡನ ದೊಡ್ಡ ಲೋಟವನ್ನು ಗೂಡಿನಿಂದ ತೆಗೆದು, ತೊಳೆದು, ಅದರ ಅರ್ಧದವರೆಗೆ ಸುರಿದು ಫೋಟೋ ಮುಂದಿಟ್ಟ. ಆರು ಗಂಟೆ ಆಗಿತ್ತು. ಎಲ್ಲ ದಿನ ಬಿಟ್ಟು ಆ ದಿನ ನಾನು ಮಂದಿರದಲ್ಲಿ ಇರಲಿಲ್ಲ.

ಬಾಗಿಲು ಮುಚ್ಚಿ ಹೊರಗೆ ಜಡಿಮಳೆಯಲ್ಲಿ ನಿಂತೆವು. ಬಾಗಿಲಿನ ಸಂದಿಯಿಂದ ವಾಸನೆ ಬರುತ್ತಿತ್ತು. ಹಂದಿ ಸಾರಿನ ವಾಸನೆ ಎಷ್ಟು ಗಟ್ಟಿಯಿದ್ದರೂ ಅದರೊಳಗೆ ಇದು ಬೇರೆಯಾಗಿ ಬರುತ್ತಿತ್ತು. ಬಾಗಿಲು ತೆಗೆದ ಮೇಲೆ ಮೈದುನ ಲೋಟ ಎತ್ತಿ ನನ್ನ ಮೂಗಿನ ಮುಂದೆ ಹಿಡಿದ.

"ತಗೊ ಅತ್ತಿಗೆ. ತುಟಿಗೆ ತಾಗ್ಸು ಸಾಕು."

"ತುಟಿಗೆ ತಾಗಿದ್ದು ಅಲ್ಲಿಗೇ ನಿಲ್ಲಲ್ಲ. ಕೆಳಗಿಡು."

"ಅಕ್ಕ, ಒಂದು ಹನಿ ಅಲ್ವಾ," ಅಂದಳು ಅವನ ಹೆಂಡತಿ. "ನಾವೂ ಕಾಯ್ತಾ ಇದ್ದೀವಿ."

ಕಾಯುತ್ತಿದ್ದದ್ದು ನಿಜ. ಮೈದುನನ ಕಣ್ಣು ಬಾಟಲಿಯ ಮೇಲಿತ್ತು. ನಾನು ಮುಟ್ಟದೆ ಅವನು ಮುಟ್ಟುವ ಹಾಗಿಲ್ಲ. ಅಣ್ಣನ ಮೇಲೆ ಭಕ್ತಿ ಎಷ್ಟೋ ಗೊತ್ತಿಲ್ಲ, ಭಯ ಮಾತ್ರ ಚೆನ್ನಾಗಿತ್ತು.

"ನಾನು ಕುಡಿಯಲ್ಲ. ನೀನು ಕುಡಿ, ಕುಡಿದು ಸಾಯಿ."

"ನೀನು ಕುಡಿಯೋ ತಂಕ ಎಡೆ ಎತ್ತೋ ಹಾಗಿಲ್ಲ. ಲೋಟ ಅಲ್ಲೇ ಇರ್ಲಿ, ಬಾಟ್ಲಿ ಅಲ್ಲೇ ಇರ್ಲಿ. ನೀನಾಯ್ತು, ಅಣ್ಣ ಆಯ್ತು."

ಎಡೆ ಎತ್ತುವ ಹಾಗಿಲ್ಲ ಎಂದವನು ಹಂದಿ ಸಾರಿನ ಪಾತ್ರೆಯನ್ನು ಮಾತ್ರ ಹೆಂಡತಿಯ ಕೈಲಿ ಹೊರಿಸಿಕೊಂಡು ಹೋದ. ಸಾರಿಗೆ ಆ ಕಾನೂನು ಇಲ್ಲವಂತೆ.

ಆ ರಾತ್ರಿ ನಾನು ಮಲಗಲಿಲ್ಲ ಎಂದಷ್ಟೇ ಹೇಳುತ್ತೇನೆ. ಬೆಳಗ್ಗೆ ಲೋಟ ಇದ್ದ ಹಾಗೇ ಇತ್ತು. ಭಾನುವಾರ. ತಿಂಗಳ ಮೊದಲ ಭಾನುವಾರ ಮಂದಿರದಲ್ಲಿ ಕರ್ತನ ಭೋಜನ. ಯೇಸಪ್ಪನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಅದನ್ನು ತೆಗೆದುಕೊಂಡರೆ ಮನೆಯ ಲೋಟವನ್ನು ಎದುರಿಸಬಹುದು ಎಂದು ಬೇಗ ಬೇಗ ನಡೆದೆ. ಕಾಲು ನೋಯುತ್ತಿತ್ತು, ನೋಯಲಿ ಎಂದು ನಡೆದೆ.

ರಸ ಮಾಡುವುದು ಹೈವೇ ಪಕ್ಕ ಅಂಗಡಿ ಇಟ್ಟಿರುವ, ಮಂದಿರಕ್ಕೆ ಬರುವ ಒಬ್ಬ ವಿಶ್ವಾಸಿ ಹೆಂಗಸಿನ ಕೆಲಸ. ಕಾರಿನವರಿಗೆ ಏಲಕ್ಕಿ, ಜೇನು, ಕಾಳುಮೆಣಸು ಮಾರುತ್ತಾಳೆ. ಮನೆಯಲ್ಲಿ ಮಾಡಿದ ವೈನನ್ನೂ ಮಾರುತ್ತಾಳೆ, ಅದನ್ನು ಮಂದಿರದಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕಾಣಿಕೆ ಹಾಕುವುದರಲ್ಲಿ ಅವಳದ್ದು ದೊಡ್ಡ ಕೈ. ಯಾವಾಗಲೂ ಹಿಂದಿನ ದಿನ ದ್ರಾಕ್ಷಿ ಹಿಂಡಿ, ಕುದಿಸಿ, ಆರಿಸಿ ತರುತ್ತಿದ್ದಳು.

ಪಾಸ್ಟರು ಸ್ಟೀಲ್ ತಟ್ಟೆಯಲ್ಲಿ ಚಿಕ್ಕ ಚಿಕ್ಕ ಲೋಟ ಇಟ್ಟುಕೊಂಡು ಒಬ್ಬೊಬ್ಬರ ಮುಂದೆ ಬಂದರು. ಮುಂದಿನ ಸಾಲಿನಲ್ಲಿ ಗಂಡಸರು ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬ ಲಾರಿ ಡ್ರೈವರು, ತುಟಿ ನೆಕ್ಕಿಕೊಂಡು ಕಣ್ಣು ಮುಚ್ಚಿದ. ತಟ್ಟೆ ನನ್ನ ಹತ್ತಿರ ಬರುವ ಮೊದಲೇ ನನ್ನ ಬಾಯಲ್ಲಿ ನೀರು ಬಂತು. ದ್ರಾಕ್ಷಿಗೆ ಬರುವ ನೀರಲ್ಲ ಅದು.

"ತಗೊಳ್ಳಿ ಅಮ್ಮ," ಅಂದರು ಪಾಸ್ಟರು.

ನಾನು ಕೈ ಎತ್ತಲಿಲ್ಲ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ.

"ಅಮ್ಮ."

"ಬೇಡ. ಮುಂದಕ್ಕೆ ಹೋಗಿ."

ಮಂದಿರದಲ್ಲಿ ಆ ಲೋಟವನ್ನು ಬೇಡ ಅನ್ನುವವಳು ಒಳಗೆ ಏನೋ ಪಾಪ ಇಟ್ಟುಕೊಂಡಿದ್ದಾಳೆ ಎಂದು ಅರ್ಥ. ಹಾಡುತ್ತಿದ್ದ ಹೆಂಗಸರು ಹಾಡುತ್ತಲೇ ತಿರುಗಿ ನೋಡಿದರು. ನನ್ನ ಪಕ್ಕದವಳು ಚಾಪೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಎದ್ದು ಹೋಗಬಹುದಿತ್ತು. ಹೋದರೆ ಮನೆಯಲ್ಲಿ ಇನ್ನೊಂದು ಲೋಟ ಕಾಯುತ್ತಿದೆ. ಕೊನೆಯವರೆಗೂ ಕೂತೆ. ಯೇಸಪ್ಪ, ಎಲ್ಲ ಕಡೆಯೂ ಇದನ್ನೇ ಇಟ್ಟಿದ್ದೀಯಾ, ನಿನ್ನ ಮನೆಯಲ್ಲೂ ಇದೇನಾ, ನಾನು ಇನ್ನೆಲ್ಲಿಗೆ ಹೋಗಲಿ ಎಂದು ಹಲ್ಲು ಕಚ್ಚಿಕೊಂಡು ಬಯ್ದೆ.

ಮುಗಿದ ಮೇಲೆ ಹೆಂಗಸರು ಸುತ್ತ ನಿಂತರು. ಪಾಸ್ಟರ ಹೆಂಡತಿ ಮೆಲ್ಲಗೆ ಕೇಳಿದಳು, "ಏನಾಯ್ತು ಅಮ್ಮ? ಮನಸ್ಸಲ್ಲಿ ಏನಾದ್ರೂ ಐತಾ? ಹೇಳ್ಕೊಳ್ಳಿ."

"ಮನಸ್ಸಲ್ಲಿ ಅಲ್ಲ, ತಟ್ಟೇಲಿ ಐತೆ. ಅದು ರಸ ಅಲ್ಲ, ವೈನು."

ಅಂಗಡಿಯವಳು ಮುಂದೆ ಬಂದಳು. "ಏನಂದೆ? ದೇವರ ಕೆಲಸಕ್ಕೆ ನಾನು ವೈನು ತರ್ತೀನಾ?"

"ಯಾವ ಜಾಡಿಗೆ ಹಾಕಿದ್ದೆ ಹೇಳು."

ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ವಿಷಯ ಹೊರಗೆ ಬಂತು. ಹಿಂದಿನ ತಿಂಗಳು ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗಿ ಕರ್ತನ ಭೋಜನ ನಡೆದಿರಲಿಲ್ಲ. ಆಗ ಹಿಂಡಿದ್ದ ರಸವನ್ನು ಚೆಲ್ಲುವುದು ಯಾಕೆ ಎಂದು ಪಿಂಗಾಣಿ ಜಾಡಿಗೆ ಹಾಕಿ, ಬಟ್ಟೆ ಕಟ್ಟಿ, ಒಲೆಯ ಪಕ್ಕ ಇಟ್ಟಿದ್ದಳು. ಅದು ಅವಳ ವೈನಿನ ಜಾಡಿ. ತಳದಲ್ಲಿ ಹಳೆಯ ವೈನಿನ ಗಸಿ ಇತ್ತು, ರಸ ಹುಳಿ ಬರಲು ಅಷ್ಟು ಸಾಕು. ತಿಂಗಳು ಬಿಟ್ಟು ಬಟ್ಟೆ ಬಿಚ್ಚಿ, ಸಕ್ಕರೆ ಹಾಕಿ ತಂದಿದ್ದಳು.

"ನಂಗೂ ಒಂಚೂರು ಹುಳಿ ಅನ್ನಿಸ್ತು," ಅಂದಳು ಪಾಸ್ಟರ ಹೆಂಡತಿ.

"ನಂಗೆ ಚೆನ್ನಾಗಿತ್ತು ಅನ್ನಿಸ್ತು ಮಾರಾಯ್ತಿ," ಅಂದ ಲಾರಿ ಡ್ರೈವರು. ಯಾರೋ ಕಿಸಕ್ಕನೆ ನಕ್ಕರು.

ಅಂಗಡಿಯವಳಿಗೆ ನಗು ತಡೆಯಲಾಗಲಿಲ್ಲ, ಅಂದರೆ ಬೇರೆಯವರ ನಗು. "ಪಾಸ್ಟರು ಕೈ ಇಟ್ಟು ಪ್ರಾರ್ಥನೆ ಮಾಡಿದ್ಮೇಲೆ ಅದು ವೈನೂ ಅಲ್ಲ, ಏನೂ ಅಲ್ಲ. ವಿಶ್ವಾಸ ಇದ್ದೋಳು ಕುಡಿದು ಸುಮ್ನಿರ್ತಿದ್ಲು. ಕುಡುಕಿ ಮೂಗಿಗೆ ಎಲ್ಲಾ ಹೆಂಡಾನೇ."

ಕುಡುಕಿ ಎಂಬ ಮಾತು ನನಗೇನೂ ಹೊಸದಲ್ಲ. ನನ್ನ ಅಪ್ಪನ ಮನೆ ಕುಂದೂರು ಕಡೆ, ಅಲ್ಲಿ ನನ್ನನ್ನು ಇವತ್ತಿಗೂ ಕರೆಯುವುದೇ ಹಾಗೆ. ನನಗೆ ಸಿಟ್ಟು ಬಂದದ್ದು ಮೊದಲ ಮಾತಿಗೆ. ನಾನು ಪಾಸ್ಟರ ಕಡೆ ತಿರುಗಿದೆ.

"ಹೌದೇನಪ್ಪ? ಪ್ರಾರ್ಥನೆ ಮಾಡಿದ್ರೆ ಅದು ಏನೂ ಅಲ್ವಾ? ಹಂಗಾದ್ರೆ ನಮ್ಮನೇಲಿ ಒಂದು ಲೋಟ ಬ್ರಾಂದಿ ಐತೆ. ನಿನ್ನೆಯಿಂದ ನನ್ನ ಜೀವ ತಿಂತಾ ಐತೆ. ಬಂದು ಕೈ ಇಡು. ನೀರಾದ್ರೆ ನಾನು ಈ ತಟ್ಟೇಲಿರೋದ್ನ ಎಲ್ಲಾ ಕುಡೀತೀನಿ."

ಅವರ ಮುಖ ಬಾಡಿತು. ಒಳ್ಳೆಯವರು, ಆದರೆ ಹೆದರುಪುಕ್ಕರು. ಕಾಣಿಕೆ ಹಾಕುವವಳು ಒಂದು ಕಡೆ, ನಾನು ಒಂದು ಕಡೆ. ಕೊನೆಗೆ, "ಬನ್ನಿ ಅಮ್ಮ, ಹೋಗೋಣ," ಅಂದರು. ಬೈಕ್ ತೆಗೆದರು. ನಾನು ಹಿಂದೆ ಕೂತೆ.

ಲೈನಿಗೆ ಬೈಕ್ ಬಂದದ್ದು ಕೇಳಿ ಮೈದುನ ಓಡಿ ಬಂದ. ಬೆಳಗ್ಗೆಯಿಂದ ಕಾಯುತ್ತಿದ್ದನೇನೋ. ಪಾಸ್ಟರು ಒಳಗೆ ಬಂದು ಎಲೆ, ಫೋಟೋ, ಬೀಡಿ, ಲೋಟ ಎಲ್ಲ ನೋಡಿದರು. ಎಡೆ ಇಟ್ಟ ವಿಷಯ ಅವರಿಗೆ ಆಗ ಗೊತ್ತಾಯಿತು.

"ಇದೇನಮ್ಮ ಇದು? ಸತ್ತವರಿಗೆ ಇಟ್ಟಿದ್ದಾ? ನೀವು ಇದನ್ನೆಲ್ಲ ಬಿಟ್ಟು ಬಂದವರಲ್ವಾ? ಚೆಲ್ಲಿಬಿಡಿ."

"ಚೆಲ್ಲಿ ನೋಡು," ಅಂದ ಮೈದುನ ಬಾಗಿಲಿಗೆ ಅಡ್ಡ ನಿಂತು. "ನಮ್ಮಣ್ಣನ ಎಡೆ. ಅದನ್ನ ಬಚ್ಚಲಿಗೆ ಸುರಿದ್ರೆ ನಿನ್ನ ಬೈಕು ಈ ತೋಟದಿಂದ ಆಚೆ ಹೋಗಲ್ಲ."

"ನಾನು ಜಗಳಕ್ಕೆ ಬಂದಿಲ್ಲ ಅಣ್ಣ."

"ಮತ್ಯಾಕೆ ಬಂದೆ? ಅವಳು ಹೆಂಡ್ತಿ, ಅವಳು ಕುಡೀಬೇಕು. ಇದು ನಮ್ಮನೆ ವಿಷಯ."

"ಅವರ ಜೀವದ ವಿಷಯ ಅದು. ಒಂದು ಹನಿ ಹೋದ್ರೆ..."

"ಒಂದು ಹನಿಗೆ ಯಾರೂ ಸತ್ತಿಲ್ಲ ಕಣೋ."

ಇಬ್ಬರೂ ನನ್ನ ಬಗ್ಗೆ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಲೋಟ ಅಲ್ಲೇ ಕೂತಿತ್ತು, ಅದರ ಮೇಲೆ ಒಂದು ಸೊಳ್ಳೆ ತೇಲುತ್ತಿತ್ತು. ಇವರು ಸಂಜೆವರೆಗೂ ಹೀಗೇ ಆಡುತ್ತಾರೆ, ಆಮೇಲೆ ಇಬ್ಬರೂ ಅವರವರ ಮನೆಗೆ ಹೋಗುತ್ತಾರೆ, ಆರು ಗಂಟೆಗೆ ಇಲ್ಲಿ ಉಳಿಯುವುದು ನಾನು ಮತ್ತು ಈ ಲೋಟ. ನನಗೆ ತಲೆ ಕೆಟ್ಟಿತು. ಲೋಟ ಎತ್ತಿಕೊಂಡು ಮೈದುನನನ್ನು ಮೊಣಕೈಯಿಂದ ತಳ್ಳಿ ಹೊರಗೆ ಬಂದೆ.

"ಎಲ್ಲಿಗೆ ಅತ್ತಿಗೆ?"

"ನಿಮ್ಮಣ್ಣನ ಹತ್ರ. ಅವನದ್ದು ಅವನಿಗೆ ಕೊಟ್ಟು ಬರ್ತೀನಿ."

ಗಂಡನನ್ನು ಹೂಳಿದ ಜಾಗ ಲೈನಿನ ಹಿಂದೆ, ಏರಿಯ ಮೇಲೆ, ಸಿಲ್ವರ್ ಓಕ್ ಮರಗಳ ಸಾಲು ಮುಗಿಯುವಲ್ಲಿ. ಹತ್ತುವ ದಾರಿ ಜಾರುತ್ತದೆ. ಒಂದು ಕೈಯಲ್ಲಿ ಕಾಫಿ ಗಿಡ ಹಿಡಿದು ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಹತ್ತಿದೆ. ಗಂಡಸರಿಬ್ಬರೂ ಜಗಳ ಆಡುತ್ತಲೇ ಹಿಂದೆ ಬಂದರು. ಒಂದು ತಿರುವಿನಲ್ಲಿ ಅವರ ದನಿ ಮಾತ್ರ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವರಿಗೂ ನಾನು ಕಾಣುತ್ತಿರಲಿಲ್ಲ.

ಅಲ್ಲಿ ನನ್ನ ಕಾಲು ನಿಂತಿತು. ಹತ್ತುವಾಗ ಬ್ರಾಂದಿ ಬೆರಳಿನ ಮೇಲೆ ಚೆಲ್ಲಿತ್ತು. ಲೋಟ ಎದೆಯವರೆಗೆ ಬಂತು, ಗದ್ದದವರೆಗೆ ಬಂತು. ನಾನು ತಂದದ್ದಲ್ಲ, ಅದೇ ಬಂತು ಎಂದು ಹೇಳಿದರೆ ನಂಬುವವರು ನಂಬಲಿ. ಒಂದು ಗುಟುಕು ಕುಡಿದು ಉಳಿದದ್ದನ್ನು ಸುರಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಮೈದುನನಿಗೆ ಬಾಟಲಿ ಸಿಗುತ್ತದೆ, ಪಾಸ್ಟರಿಗೆ ಗೊತ್ತಾಗುವುದಿಲ್ಲ.

ನಾನು ಜೋರಾಗಿ ಬಯ್ಯಲು ಶುರು ಮಾಡಿದೆ. ಮನಸ್ಸಿನೊಳಗಲ್ಲ, ಬಾಯಿ ಬಿಟ್ಟು.

"ಯೇಸಪ್ಪ, ನೋಡ್ತಾ ಇದ್ದೀಯಲ್ಲ. ನೋಡು. ಮುದುಕಿ ಕೈಗೆ ಲೋಟ ಕೊಟ್ಟು ಗುಡ್ಡ ಹತ್ತಿಸಿ ನೋಡ್ತೀಯಾ? ನಿನಗೆ ಬೇರೆ ಕೆಲ್ಸ ಇಲ್ವಾ? ಬೇಡ ಅಂದ್ರೂ ಆನೇನ ಲೈನೊಳಗೇ ಕಳಿಸ್ತೀಯ, ಈಗ ಒಂದು ಕಳಿಸಿ ಇದನ್ನ ಬೀಳಿಸ್ಬಾರ್ದಾ? ನಿನ್ನ ಮನೇಲೂ ಹೆಂಡ ಇಟ್ಟೆ. ನಿನ್ನ ನಂಬಿ ಬಂದೋಳಿಗೆ ಕುಡುಕಿ ಅಂತ ಅನ್ನಿಸ್ದೆ. ಹಿಡ್ಕೊ ನನ್ನ ಕೈಯ. ಹಿಡ್ಕೊಳ್ಳಕ್ಕಾಗಲ್ಲ ಅಂದ್ರೆ ಅದನ್ನಾದ್ರೂ ಹೇಳು."

ಉತ್ತರ ಬರಲಿಲ್ಲ, ಯಾವತ್ತೂ ಬಂದಿಲ್ಲ. ಆದರೆ ಬಯ್ಯುವಷ್ಟು ಹೊತ್ತು ನನ್ನ ಬಾಯಿ ಬೇರೆ ಕೆಲಸಕ್ಕೆ ಖಾಲಿ ಇರಲಿಲ್ಲ. ಬಯ್ಯುತ್ತಾ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಬೆರಳಿಗೆ ಚೆಲ್ಲಿದ್ದನ್ನು ಕಾಫಿ ಎಲೆಗೆ ಒರೆಸಿದೆ. ಬಯ್ಗುಳ ಮುಗಿದಾಗ ಗಂಡನ ಮಣ್ಣುಗುಡ್ಡೆಯ ಮುಂದೆ ನಿಂತಿದ್ದೆ. ನಾನು ಇಷ್ಟು ವರ್ಷ ಪ್ರಾರ್ಥನೆ ಎಂದು ಮಾಡಿದ್ದು ಇದನ್ನೇ. ಸಾಲುತ್ತದೆ.

ಹಂದಿ ಅಗೆಯದಿರಲಿ ಎಂದು ಇಟ್ಟಿದ್ದ ಮುಳ್ಳನ್ನು ಕಾಲಿನಿಂದ ಸರಿಸಿ, ತಲೆಯ ಕಡೆ ಸುರಿದೆ. ಮಣ್ಣು ಕುಡಿಯಿತು.

"ತಗೊ," ಅಂದೆ. "ನಿಂದು ನಿಂಗೆ. ಇನ್ಮೇಲೆ ನಿನ್ನ ತಮ್ಮನ ಕೈಲಿ ಕಳಿಸ್ಬೇಡ. ಬೇಕಾದ್ರೆ ಅವನನ್ನೇ ಕರ್ಕೊ."

ಅಷ್ಟರಲ್ಲಿ ಇಬ್ಬರೂ ಬಂದರು. ಮೈದುನ ಖಾಲಿ ಲೋಟ ನೋಡಿ ನನ್ನ ಬಾಯಿ ನೋಡಿದ. ಹತ್ತಿರ ಬಂದು ಮೂಸಿದ, ನಾಯಿಯ ಹಾಗೆ.

"ಚೆಲ್ಬುಟ್ಟೆಯಲ್ಲ."

"ಚೆಲ್ಲಿಲ್ಲ. ಕೊಟ್ಟೆ. ಎಡೆ ಇಟ್ಟಿದ್ದು ಯಾರಿಗೆ? ಅವನಿಗೆ ತಾನೆ? ಬಂದು ಕುಡಿದು ಹೋಗ್ತಾನೆ ಅಂತ ಬಾಗ್ಲು ಹಾಕ್ಕೊಂಡು ನಿಂತಿದ್ರಿ. ಅವನಿಗೆ ಕಾಲು ನೋವಿರ್ಬೋದು, ನಾನೇ ತಂದು ಕೊಟ್ಟೆ. ತಪ್ಪೇನೈತೆ ಹೇಳು."

ಅವನು ಯೋಚನೆ ಮಾಡಿದ. ತಪ್ಪು ಸಿಗಲಿಲ್ಲ. ಎಡೆ ಮುಟ್ಟಬೇಕಾದವನಿಗೇ ಮುಟ್ಟಿತ್ತು. ಮುಖ ನಿಧಾನಕ್ಕೆ ಅರಳಿತು. "ಹಂಗಾದ್ರೆ ಬಾಟ್ಲಿ?"

"ತಗೊಂಡು ಹೋಗು. ನನ್ನ ಬಾಗ್ಲಿಗೆ ಇನ್ನೊಂದು ಸಲ ತಂದ್ರೆ ಅದ್ರಲ್ಲೇ ಹೊಡೀತೀನಿ."

ಅವನು ಇಳಿದು ಓಡಿದ ಹಾಗೆ ಅವನ ಅಣ್ಣನ ಹೆಣ ಹೊರುವಾಗಲೂ ಓಡಿರಲಿಲ್ಲ.

ಪಾಸ್ಟರು ಇಳಿಯುವಾಗ ನನ್ನ ಕೈ ಹಿಡಿದುಕೊಂಡರು. "ಅಮ್ಮ, ಸತ್ತವರ ಜೊತೆ ಹಾಗೆ ಮಾತಾಡಬಾರದು," ಅಂದರು.

"ಮಾತಾಡಿಲ್ಲ ಕಣಪ್ಪ. ಬಯ್ದೆ."

"ಪ್ರಾರ್ಥನೇನೂ ಕೇಳಿಸ್ತು," ಅಂದರು.

ಆ ಸಂಜೆ ಆರು ಗಂಟೆ ಬಂದೇ ಬಂತು. ನಾನು ಟಾರ್ಚ್ ತೆಗೆದುಕೊಂಡು ಮಂದಿರಕ್ಕೆ ಹೋದೆ. ಬೆಳಗ್ಗೆ ಚಾಪೆ ಎಳೆದುಕೊಂಡವಳು ಇದ್ದಳು, ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ.

ಅಂಗಡಿಯವಳು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ, ನನಗೂ ಬೇಕಾಗಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ರಸವನ್ನು ಪಾಸ್ಟರ ಹೆಂಡತಿಯೇ ಕುದಿಸಿದಳು. ಎಲ್ಲರ ಲೋಟವೂ ಒಂದೇ ಥರ. ಆದರೆ ತಟ್ಟೆ ನನ್ನ ಮುಂದೆ ಬಂದಾಗ ಹಾಡು ಸಣ್ಣದಾಯಿತು, ಎಲ್ಲರೂ ನನ್ನ ಕಡೆ ತಿರುಗಿದರು. ಈ ಮುದುಕಿ ಈ ಸಲ ಏನು ಗಲಾಟೆ ಮಾಡುತ್ತಾಳೋ ಎಂದು ಕಾಯುತ್ತಿದ್ದರು.

ನಾನು ಲೋಟ ತೆಗೆದುಕೊಂಡೆ. ಎಲ್ಲರಿಗೂ ಕಾಣುವ ಹಾಗೆ ಮೂಗಿನ ಹತ್ತಿರ ಹಿಡಿದು ಮೂಸಿದೆ. ಸುಟ್ಟ ಸಕ್ಕರೆಯ ವಾಸನೆ, ತಳ ಹಿಡಿಸಿದ್ದಳು. ಕುಡಿದೆ. ರುಚಿ ಏನೂ ಇರಲಿಲ್ಲ.